ಮೇಸ್ತ್ರಿ ಕಟ್ಟಿದ ಇಂಜಿನ್

ಗಾಡಿ ಶೆಡ್ಡಿನ ಗೇಟು ದಾಟುವ ಮೊದಲೇ ಸುಟ್ಟ ಆಯಿಲ್ ವಾಸನೆ ಒಳಗೆ ಬಂದಿತ್ತು. ಪೆಟ್ರೋಲ್ ಗಾಡಿಯ ಹೊಗೆಯ ಬಣ್ಣ ನೋಡಿದರೆ ಅರ್ಧ ಕಾಯಿಲೆ ಗೊತ್ತಾಗುತ್ತದೆ. ಕಪ್ಪಗಿದ್ದರೆ ಪೆಟ್ರೋಲ್ ಅಗತ್ಯಕ್ಕಿಂತ ಹೆಚ್ಚು ಹೋಗುತ್ತಿದೆ, ದಟ್ಟ ಬಿಳಿಯಾಗಿದ್ದರೆ ನೀರು ಒಳಗೆ ನುಗ್ಗುತ್ತಿದೆ, ನೀಲಿಯಾಗಿದ್ದರೆ ಇಂಜಿನ್ ಆಯಿಲ್ ಸುಡುತ್ತಿದೆ. ಇದು ನೀಲಿ. ಗಾಡಿ ನಿಂತ ಮೇಲೂ ಹೊಗೆ ಕಾಂಪೌಂಡಿನ ಮೂಲೆಯಲ್ಲಿ ಸ್ವಲ್ಪ ಹೊತ್ತು ತೂಗಾಡುತ್ತಿತ್ತು.

ದೀಪಾಂಜಲಿ ನಗರದಲ್ಲಿ, ಮೈಸೂರು ರಸ್ತೆಯಿಂದ ಎರಡು ತಿರುವು ಒಳಗೆ ನನ್ನ ಗ್ಯಾರೇಜು. ಹೆಂಗಸು ನಡೆಸುವ ಗ್ಯಾರೇಜು ಎಂದು ಮೊದಲ ಸಲ ಬಂದವರು ಆಚೆ ಈಚೆ ನೋಡಿ 'ಮೆಕ್ಯಾನಿಕ್ ಇಲ್ವಾ?' ಎಂದು ಕೇಳುವುದುಂಟು. ಈ ಗಾಡಿಯವರು ಹಾಗೆ ಕೇಳಲಿಲ್ಲ. ಇಳಿದವರೇ ಬಾನೆಟ್ ಮೇಲೆ ಕೈಯಿಟ್ಟು, ಕಾಯಿಲೆಯ ಮಗುವನ್ನು ಡಾಕ್ಟರಿಗೆ ತೋರಿಸುವವರ ಹಾಗೆ ನಿಂತರು. ಗದಗದ ಕಡೆಯವರು. ರಾಜರಾಜೇಶ್ವರಿನಗರದಲ್ಲಿ ಜೋಳದ ರೊಟ್ಟಿ ಕೇಂದ್ರ ಇಟ್ಟಿದ್ದರು. ಹೆಂಡತಿ ರೊಟ್ಟಿ ಬಡಿಯುತ್ತಾರೆ, ಇವರು ಗಾಡಿಯಲ್ಲಿ ತುಂಬಿಕೊಂಡು ವಿಜಯನಗರ, ಬಸವೇಶ್ವರನಗರದ ಮೆಸ್ಸು, ಪಿಜಿಗಳಿಗೆ ಹಾಕುತ್ತಾರೆ.

"ಅಕ್ಕಾರ, ಫ್ಲೈಓವರ್ ಏರಬೇಕಾದ್ರ ಸೈಕಲ್‌ನವ್ರು ನನ್ನ ದಾಟಿ ಮುಂದ್ ಹೊಕ್ಕಾರ್ರಿ," ಎಂದರು. "ಎಷ್ಟ್ ತುಳದ್ರೂ ಗಾಡಿ ಎಳ್ಯಂಗಿಲ್ಲ, ಹಿಂದ ಹೊಗಿ ಮಾತ್ರ ಬರ್ತದ. ರೊಟ್ಟಿಗೂ ಹೊಗಿ ವಾಸನಿ ಹತ್ತೇತಿ ಅಂತ ಒಂದ್ ಮೆಸ್ಸಿನವ್ರು ಬಿಟ್ಟೇಬಿಟ್ರು."

"ಇಂಜಿನ್ ಕೆಲಸ ಏನಾದ್ರೂ ಆಗಿದ್ಯಾ?"

"ಆಗೇತ್ರಿ. ಮೊದಲ ಸ್ವಲ್ಪ ಆಯಿಲ್ ತಿಂತಿತ್ತು. ಅದಕ್ಕ ಕೆಂಗೇರಿಯೊಳಗ ಪೂರಾ ಬಿಚ್ಚಿ ಕಟ್ಟಿಸೀನಿ. ಹೊಸಾ ರಿಂಗ್ ಹಾಕ್ಯಾರ. ಆಮೇಲೇ ಹೊಗಿ ಜಾಸ್ತಿ ಆತು."

"ಕೆಂಗೇರೀಲಿ ಎಲ್ಲಿ?"

"ಉಪನಗರದಾಗ, ಹುಣಸಿಮರದ ಬಾಜೂಕ ಒಂದ್ ಶೆಡ್ ಐತಲ್ರಿ. ಹಿರೇರು. ಭಾಳ ಒಳ್ಳೇ ಮನಷ್ಯಾ."

ನಾನು ಮುಂದೆ ಕೇಳಲಿಲ್ಲ. ಆ ಶೆಡ್ಡಿನಲ್ಲೇ ನಾನು ಕೆಲಸ ಕಲಿತದ್ದು. ಆ ಹಿರಿಯರನ್ನು ನಾನು ಇಂದಿಗೂ ಮೇಸ್ತ್ರಿ ಎಂದೇ ಕರೆಯುವುದು. ಹೆಣ್ಣುಮಗಳನ್ನು ಸೇರಿಸಿಕೊಳ್ಳಲು ಬೇರೆ ಯಾರೂ ಒಪ್ಪದಿದ್ದಾಗ 'ಸ್ಪ್ಯಾನರ್‌ಗೇನ್ ಗೊತ್ತಾಗತ್ತಾ ಹಿಡಿದಿರೋ ಕೈ ಯಾರದ್ದು ಅಂತ' ಎಂದು ಒಳಗೆ ಕರೆದವರು. ಅವರು ಕಟ್ಟಿದ ಇಂಜಿನ್ ಹೊಗೆ ಬಿಟ್ಟದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ತಿರುಗಿ ಅವರ ಹತ್ರಾನೇ ಹೋಗ್ಬಹುದಿತ್ತಲ್ಲ?" ಎಂದೆ.

"ಹೋಗಿದ್ನಿ. 'ಹೊಸ ರಿಂಗು, ಇನ್ನೂ ಕೂತಿಲ್ಲ, ಓಡ್ಸಿ' ಅಂದ್ರು. ಮತ್ತ ಹೋದ್ನಿ. ಆವತ್ತ ಅವ್ರು ಹೊಗಿ ನೋಡ್ಕೋತ ಸುಮ್ಮನ ನಿಂತ್ರು. ಅವರ ಮಾರಿ ನೋಡಿ ನನಗ ಮೂರನೇ ಸಲ ಹೋಗಾಕ ಮನಸಾಗಲಿಲ್ರಿ."

ನನ್ನ ಜೊತೆ ಕೆಲಸ ಮಾಡುವ ಮೆಕ್ಯಾನಿಕ್ ಆಗಲೇ ಸೈಲೆನ್ಸರ್ ಬಾಯಿಗೆ ಬೆರಳಿಟ್ಟು ನೋಡಿ, ಜಿಡ್ಡನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದ. "ರಿಂಗು ಅಕ್ಕಾ," ಎಂದ. "ಬಿಚ್ಚೋಣ."

"ಆಮೇಲೆ. ಮೊದಲು ಬೇರೆ ಎಲ್ಲಾ ನೋಡೋಣ," ಎಂದೆ.

ಅದು ಸರಿಯಾದ ಕ್ರಮವೇ. ಬಿಚ್ಚದೆ ನೋಡಬಹುದಾದದ್ದನ್ನೆಲ್ಲ ಮೊದಲು ನೋಡಬೇಕು. ಆದರೆ ಆವತ್ತು ನಾನು ಬರೀ ಕ್ರಮಕ್ಕಾಗಿ ಹಾಗೆ ಹೇಳಲಿಲ್ಲ. ಕಾರಣ ಬೇರೆ ಏನಾದರೂ ಆಗಿರಲಿ ಎಂದು ಮನಸ್ಸು ಬಯಸುತ್ತಿತ್ತು.

ಆಯಿಲ್ ಹೆಚ್ಚು ತುಂಬಿದ್ದರೂ ನೀಲಿ ಹೊಗೆ ಬರುತ್ತದೆ. ಕಡ್ಡಿ ಎಳೆದು ನೋಡಿದೆ, ಮಟ್ಟ ಗೆರೆಗಿಂತ ಕೆಳಗಿತ್ತು. ಇಂಜಿನ್ನಿನ ಒಳಗಾಳಿ ಹೊರಹೋಗುವ ಬ್ರೀದರ್ ಪೈಪು ಕಟ್ಟಿಕೊಂಡರೂ ಆಯಿಲ್ ಮೇಲೆ ಬರುತ್ತದೆ. ಬಿಚ್ಚಿ ಊದಿದೆ. ಒಳಗೆ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ಮೇಸ್ತ್ರಿ ಇಂಜಿನ್ ಇಳಿಸಿದರೆ ಬ್ರೀದರನ್ನು ಸೀಮೆಎಣ್ಣೆಯಲ್ಲಿ ತೊಳೆಯದೆ ಕೂರಿಸುವವರಲ್ಲ. ನಾಲ್ಕು ಸ್ಪಾರ್ಕ್ ಪ್ಲಗ್ ತೆಗೆದು ಬಟ್ಟೆಯ ಮೇಲೆ ಸಾಲಾಗಿಟ್ಟೆ. ಎರಡು ಒಣಗಿ ಕಂದು ಬಣ್ಣಕ್ಕೆ ತಿರುಗಿದ್ದವು, ಎರಡು ಆಯಿಲ್‌ನಲ್ಲಿ ನೆಂದು ಕರ್ರಗಾಗಿದ್ದವು. ಅಂದರೆ ಎರಡು ಸಿಲಿಂಡರಿನಲ್ಲಿ ಮಾತ್ರ ಆಯಿಲ್ ಸುಡುತ್ತಿದೆ.

ಕಂಪ್ರೆಷನ್ ನೋಡಿದೆವು. ಪ್ಲಗ್ ತೂತಿಗೆ ಮೀಟರ್ ಕೂರಿಸಿ ಸೆಲ್ಫ್ ಹೊಡೆದರೆ, ಪಿಸ್ಟನ್ ಗಾಳಿಯನ್ನು ಎಷ್ಟು ಬಿಗಿಯಾಗಿ ಒತ್ತುತ್ತಿದೆ ಎಂದು ಮುಳ್ಳು ತೋರಿಸುತ್ತದೆ. ಪಿಸ್ಟನ್ನಿನ ಸುತ್ತ ಬಳೆಯ ಹಾಗೆ ಕೂರುವ ರಿಂಗ್ ಸವೆದಿದ್ದರೆ, ಒಡೆದಿದ್ದರೆ ಮುಳ್ಳು ಏಳುವುದಿಲ್ಲ. ಇಲ್ಲಿ ನಾಲ್ಕರಲ್ಲೂ ಮುಳ್ಳು ಹೆಚ್ಚು ಕಡಿಮೆ ಒಂದೇ ಕಡೆ ಬಂದು ನಿಂತಿತು. ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

"ನೋಡು, ರಿಂಗು ಚೆನ್ನಾಗಿದೆ," ಎಂದೆ.

ಅವನು ಮೀಟರ್ ಸುತ್ತಿಟ್ಟ.

ಮುಂದೆ ಸೈಲೆನ್ಸರ್ ಕಡೆ ಹೋದೆವು. ಹೊಗೆ ಶುದ್ಧಿ ಮಾಡುವ ಕನ್ವರ್ಟರ್ ಒಳಗೆ ಜೇನುಗೂಡಿನಂಥ ಜಾಲರಿ ಇರುತ್ತದೆ. ಸುಟ್ಟ ಆಯಿಲ್ ಹೋಗಿ ಹೋಗಿ ಅದು ಕಟ್ಟಿಕೊಂಡರೆ ಇಂಜಿನ್ನಿಗೆ ಉಸಿರು ಹೊರಗೆ ಬಿಡಲು ಜಾಗವಿರುವುದಿಲ್ಲ. ಎಳೆತ ಸತ್ತುಹೋಗುತ್ತದೆ. ಸೆನ್ಸರ್ ತೆಗೆದು ಆ ತೂತಿನಲ್ಲಿ ಒತ್ತಡ ಅಳೆದಾಗ ಅದೇ ಆಗಿತ್ತು. ಕನ್ವರ್ಟರ್ ಮುಂದಿನ ಜೋಡಣೆ ಸಡಿಲಿಸಿ ಸ್ಟಾರ್ಟ್ ಮಾಡಿದೆ. ಕಿವಿ ಒಡೆಯುವ ಶಬ್ದದ ನಡುವೆಯೂ ಇಂಜಿನ್ ತಟ್ಟನೆ ಏರಿತು. ಎಳೆತ ಹೋದದ್ದು ಯಾಕೆ ಎಂದು ಗೊತ್ತಾಯಿತು. ಆದರೆ ಜಾಲರಿ ಕಟ್ಟಿಕೊಂಡದ್ದು ಹೊಗೆಯಿಂದ. ಹೊಗೆ ಎಲ್ಲಿಂದ ಎಂಬುದು ಹಾಗೆಯೇ ಉಳಿಯಿತು.

ಇನ್ನೊಂದು ದಾರಿ ಉಳಿದಿತ್ತು, ವಾಲ್ವ್ ಸೀಲು. ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಿಂದ ಆಯಿಲ್ ಕೆಳಗೆ ಜಿನುಗದಂತೆ ತಡೆಯುವ ಸಣ್ಣ ರಬ್ಬರುಗಳು ಅವು. ಹೆಡ್ ಇಳಿಸದೆಯೇ, ಸಿಲಿಂಡರಿನೊಳಗೆ ಗಾಳಿ ತುಂಬಿ ವಾಲ್ವ್ ಬೀಳದಂತೆ ಹಿಡಿದು, ಅಷ್ಟನ್ನೂ ಬದಲಾಯಿಸಿದೆ. ನಾಜೂಕಿನ ಕೆಲಸ, ಬೆನ್ನು ಬಿದ್ದುಹೋಯಿತು. ಕನ್ವರ್ಟರ್ ಕೂಡ ಹೊಸದು ಬಂತು. ಗಾಡಿ ತೆಗೆದುಕೊಂಡು ಮೈಸೂರು ರಸ್ತೆಗೆ ಇಳಿದೆ. ನಿಜವಾಗಿ ಎಳೆಯುತ್ತಿತ್ತು. ಖುಷಿಯಿಂದ ಕಾಲು ಒತ್ತಿ, ಕನ್ನಡಿ ನೋಡಿದೆ. ಹಿಂದಿದ್ದ ಬೈಕಿನವನು ಮೂಗು ಮುಚ್ಚಿಕೊಂಡು ಪಕ್ಕಕ್ಕೆ ಸರಿಯುತ್ತಿದ್ದ.

ವಾಲ್ವ್ ಸೀಲಿನ ಹೊಗೆ ಸ್ಟಾರ್ಟ್ ಮಾಡಿದಾಗ, ಕಾಲು ತೆಗೆದಾಗ ಬರುತ್ತದೆ. ಕಾಲು ಒತ್ತಿದಾಗ ಬರುವ ಹೊಗೆ ಕೆಳಗಿನಿಂದ, ರಿಂಗಿನಿಂದ. ಇದು ನನಗೆ ಕಲಿಸಿದವರು ಮೇಸ್ತ್ರಿಯೇ. ಗಾಡಿ ತಿರುಗಿಸಿ ಶೆಡ್ಡಿಗೆ ತಂದು, ಕೀ ಮೆಕ್ಯಾನಿಕ್ ಕೈಗೆ ಕೊಟ್ಟೆ.

"ಬಿಚ್ಚು," ಎಂದೆ.

ಬಿಚ್ಚುತ್ತಾ ಹೋದಂತೆ ನನಗೆ ಕಷ್ಟವಾಗತೊಡಗಿತು. ಒಂದೊಂದು ಬೋಲ್ಟೂ ಒಂದೇ ಬಿಗಿಯಲ್ಲಿತ್ತು. ಹೆಡ್ಡಿನ ತಳದಲ್ಲಿ ಹಳೆಯ ಪ್ಯಾಕಿಂಗಿನ ಚೂರೂ ಇಲ್ಲ. ವೈರುಗಳು ಇದ್ದ ಕ್ಲಿಪ್ಪಿನಲ್ಲೇ ಇದ್ದವು. ಬೇರಿಂಗುಗಳ ಮೇಲೆ ಗೀರಿಲ್ಲ. ಹತ್ತು ಗ್ಯಾರೇಜಿನ ಕೆಲಸ ಒಟ್ಟಿಗಿಟ್ಟರೂ ಇದು ಅವರ ಕೈ ಎಂದು ನಾನು ಗುರುತು ಹಿಡಿಯುತ್ತಿದ್ದೆ. ಕೊನೆಗೆ ಪಿಸ್ಟನ್ನುಗಳನ್ನು ಹೊರತೆಗೆದು ಬೆಂಚಿನ ಮೇಲೆ ಇಟ್ಟೆವು.

ಪಿಸ್ಟನ್ನಿನ ಸುತ್ತ ರಿಂಗು ಕೂರಲು ಮೂರು ಕಾಲುವೆಗಳು. ಮೊದಲನೆಯದರಲ್ಲಿ ಕೂರುವ ರಿಂಗು ಉರಿಯನ್ನು ತಡೆಯುತ್ತದೆ. ಎರಡನೆಯ ರಿಂಗಿನ ಅಂಚು ಓರೆ. ಪಿಸ್ಟನ್ ಇಳಿಯುವಾಗ ಅದು ಗೋಡೆಯ ಮೇಲಿನ ಆಯಿಲನ್ನು ಕೆಳಕ್ಕೆ ಬಳಿಯುತ್ತದೆ. ಅದನ್ನು ತಲೆಕೆಳಗು ಹಾಕಿದರೆ ಗಾಳಿ ಬಿಗಿಯಾಗಿಯೇ ನಿಲ್ಲುತ್ತದೆ, ಮೀಟರಿಗೆ ಏನೂ ತಿಳಿಯುವುದಿಲ್ಲ, ಆದರೆ ಆಯಿಲ್ ಮೇಲಕ್ಕೆ ಬಳಿದುಕೊಂಡು ಬರುತ್ತದೆ. ಯಾವ ಮುಖ ಮೇಲೆ ಎಂದು ಗೊತ್ತಾಗಲೆಂದೇ ರಿಂಗಿನ ಮೇಲೊಂದು ಗುರುತು ಇರುತ್ತದೆ. ಹಳೆಯ ಇಂಜಿನ್ನುಗಳ ದಪ್ಪ ರಿಂಗಿನಲ್ಲಿ ಅದು ಉಗುರಿಗೆ ಸಿಗುತ್ತಿತ್ತು. ಈಗಿನವು ತೆಳು, ಗುರುತು ಸಾಸಿವೆಗಿಂತ ಸಣ್ಣದು, ಮಾಸಲು.

ಎರಡು ಪಿಸ್ಟನ್ನಿನಲ್ಲಿ ಗುರುತು ಮೇಲಿತ್ತು. ಇನ್ನೆರಡರಲ್ಲಿ ಕೆಳಗಿತ್ತು.

"ವಯಸ್ಸಾಯ್ತಲ್ಲಕ್ಕ, ಯಾಮಾರಿದ್ದಾರೆ," ಎಂದ ಮೆಕ್ಯಾನಿಕ್.

ಯಾಮಾರಿಕೆಯಲ್ಲ ಎಂದು ನನಗೆ ಅನ್ನಿಸಿತು. ಗೊತ್ತಿಲ್ಲದವರಾಗಿದ್ದರೆ ನಾಲ್ಕೂ ತಪ್ಪಿರುತ್ತಿತ್ತು. ಅಸಡ್ಡೆಯಾಗಿದ್ದರೆ ಬೇರೆ ಎಲ್ಲಾದರೂ ಕಾಣಿಸುತ್ತಿತ್ತು. ಅರ್ಧ ಸರಿ, ಅರ್ಧ ತಪ್ಪು ಎಂದರೆ, ಇದೆ ಎಂದು ಗೊತ್ತಿರುವ ಗುರುತನ್ನು ಹುಡುಕಿ, ಕಾಣದೆ, ಅಂದಾಜಿನಲ್ಲಿ ಹಾಕಿದ್ದಾರೆ. ಬೆಂಚಿನ ದೀಪ ಆರಿಸಿ ಹೊರಗೆ ಬಂದು ನಿಂತೆ.

ಸಂಜೆ ರೊಟ್ಟಿಯವರು ಬಂದರು. ಅವರಿಂದ ಮುಚ್ಚಿಡುವ ಹಾಗಿರಲಿಲ್ಲ. ಪಿಸ್ಟನ್ ತೋರಿಸಿ, ಕಾರಣ ಹೇಳಿದೆ, ಕೆಲಸ ಮಾಡಿದವರು ನನ್ನ ಗುರುಗಳು ಎಂಬುದನ್ನೂ ಹೇಳಿದೆ. ಅವರು ಪಿಸ್ಟನ್ನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಕಣ್ಣ ಕಾಣ್ಸಂಗಿಲ್ಲೇನ್ರಿ ಅವರಿಗೆ?"

"ಹಂಗೇ ಅನ್ಸತ್ತೆ."

"ಹಂಗಾದ್ರ ಅವರಿಗೆ ಹೇಳಬ್ಯಾಡ್ರಿ ಅಕ್ಕಾರ. ನೀವು ಸರಿ ಮಾಡಿಕೊಡ್ರಿ, ಮುಗೀತು. ನಮ್ಮಪ್ಪಗೂ ಕಡೀಕಡೀಗೆ ಹಿಂಗ ಆಗಿತ್ತು. ಹೇಳಿದ ದಿನದಿಂದ ಮನಷ್ಯಾ ಗ್ವಾಡಿ ಕಡಿ ಮಾರಿ ಮಾಡಿ ಮಲಗಿಬಿಟ್ಟ. ಹಿರೇರಿಗೆ ನನ್ನ ಗಾಡಿ ಸಂಬಂಧ ಹಂಗಾಗೂದು ಬ್ಯಾಡ."

ಅವರ ಒಳ್ಳೆಯತನ ನನಗೆ ಅನುಕೂಲವಾಗಿ ಬಂತು. ಸರಿ ಎಂದೆ. ಸಿಲಿಂಡರುಗಳನ್ನು ಲೇತಿಗೆ ಕಳಿಸಿ ಉಜ್ಜಿಸಿ ತರಿಸಿ, ಹೊಸ ರಿಂಗು ಹಾಕಿ, ಒಂದೊಂದು ಗುರುತನ್ನೂ ದೀಪದಡಿ ನೋಡಿ ಕೂರಿಸಿದೆ. ಗಾಡಿ ಹೊಗೆಯಿಲ್ಲದೆ ಹೊರಟಿತು. ತೆಗೆದ ರಿಂಗುಗಳನ್ನು ಗುಜರಿ ಡಬ್ಬಕ್ಕೆ ಹಾಕಬೇಕಿತ್ತು. ಹಾಕಲಿಲ್ಲ. ಒಂದು ಕವರಿನಲ್ಲಿ ಕಟ್ಟಿ ನನ್ನ ಬ್ಯಾಗಿನಲ್ಲಿಟ್ಟುಕೊಂಡೆ.

ಸುಮ್ಮನಿರಬಹುದಿತ್ತು. ಸುಮ್ಮನಿರಬೇಕೆಂದೇ ನಿರ್ಧರಿಸಿದ್ದೆ ಕೂಡ. ಆದರೆ ಒಂದು ಸಲ ನೋಡಿಕೊಂಡು ಬರೋಣ ಎಂದು ಭಾನುವಾರ ಕೆಂಗೇರಿಗೆ ಹೋದೆ.

ಶೆಡ್ಡಿನಲ್ಲಿ ಮೇಸ್ತ್ರಿ ಒಬ್ಬರೇ ಇದ್ದರು. ಒಂದು ವ್ಯಾನಿನ ಮುಂದಿನ ಚಕ್ರ ಬಿಚ್ಚಿ, ಮರದ ಮಣೆಯ ಮೇಲೆ ಕೂತು ಬ್ರೇಕ್ ಪ್ಯಾಡ್ ಹಾಕುತ್ತಿದ್ದರು. ನನ್ನ ಹೆಜ್ಜೆ ಸದ್ದಿಗೇ "ಬಾಮ್ಮಾ, ಕಾಫಿ ಕುಡಿದ್ಯಾ?" ಎಂದರು. ಮಾತಾಡುತ್ತಲೇ ನೆಲದ ಮೇಲಿದ್ದ ಪಿನ್ನಿಗಾಗಿ ಕೈ ಆಡಿಸಿದರು. ಪಿನ್ನು ಅವರ ಕಾಲಿನ ಪಕ್ಕದಲ್ಲೇ, ನೇರ ಮುಂದೆ ಬಿದ್ದಿತ್ತು. ಅವರು ತಲೆಯನ್ನು ಓರೆ ಮಾಡಿ, ಕಣ್ಣಿನ ಕೊನೆಯಿಂದ ನೆಲವನ್ನು ಹುಡುಕಿದರು. ಮೂಗಿನ ಮೇಲೆ ಎರಡು ಚಾಳೀಸು, ಒಂದರ ಮೇಲೊಂದು.

ಪಿನ್ನು ಎತ್ತಿ ಕೈಗೆ ಕೊಟ್ಟೆ. "ಯಾರ್ದು ಮೇಸ್ತ್ರಿ ವ್ಯಾನು?"

"ಸ್ಕೂಲ್ ಮಕ್ಕಳನ್ನ ಬಿಡ್ತಾನಲ್ಲ, ನಮ್ಮ ಹಿಂದಿನ ಬೀದಿಯವನು. ನಾಳೆ ಬೆಳಿಗ್ಗೆ ಬೇಕಂತೆ."

ಅಲ್ಲಿಯವರೆಗೂ ನನ್ನ ಮನಸ್ಸಿನಲ್ಲಿ ಇದ್ದದ್ದು ರೊಟ್ಟಿಯ ಗಾಡಿ. ಹೊಗೆ ಬಂದರೆ ಇನ್ನೊಂದು ಸಲ ಬಿಚ್ಚಬಹುದು. ಬ್ರೇಕು ಹಾಗಲ್ಲ. ಕವರನ್ನು ಬ್ಯಾಗಿನಿಂದ ತೆಗೆದೆ. ಒಂದು ರಿಂಗನ್ನು ಅವರ ಅಂಗೈ ಮೇಲೆ ಇಟ್ಟೆ.

"ಏನಿದು?"

"ರೊಟ್ಟಿಯವರ ಗಾಡೀದು ಮೇಸ್ತ್ರಿ. ಎರಡನೇ ರಿಂಗು. ಗಾಡಿ ನನ್ನ ಹತ್ರ ಬಂದಿತ್ತು."

ಅವರು ರಿಂಗನ್ನು ಬೆಳಕಿಗೆ ಹಿಡಿದರು. ತಿರುಗಿಸಿದರು. ತಲೆ ಓರೆ ಮಾಡಿದರು. ಒಂದು ಚಾಳೀಸು ತೆಗೆದು ಮತ್ತೆ ಹಾಕಿಕೊಂಡರು. ಹೆಬ್ಬೆರಳಿನ ಉಗುರನ್ನು ಅಂಚಿನ ಸುತ್ತ ನಿಧಾನಕ್ಕೆ ಎಳೆದರು. ಕೊನೆಗೆ ರಿಂಗನ್ನು ನನ್ನ ಕಡೆ ಚಾಚಿದರು.

"ನೀನೇ ನೋಡಮ್ಮ. ಮಾರ್ಕ್ ಇದ್ಯಾ?"

"ಇದೆ ಮೇಸ್ತ್ರಿ."

"ನಾನು ಹಾಕಿದ್ದಾಗ ಯಾವ್ ಕಡೆ ಇತ್ತು?"

"ಎರಡರಲ್ಲಿ ಕೆಳಗಡೆ."

ಅವರು ಎದ್ದು ಹೋಗಿ ಕೈ ತೊಳೆದರು. ಸೋಪು ಹಚ್ಚಿ, ಉಗುರಿನ ಸಂದಿಯನ್ನೂ ಬಿಡದೆ, ಕೆಲಸ ಮುಗಿದ ಮೇಲೆ ತೊಳೆಯುವ ಹಾಗೆ ತೊಳೆದರು. ಹೆಗಲ ಮೇಲಿನ ಟವಲಿನಿಂದ ಒರೆಸಿಕೊಳ್ಳುತ್ತಾ ಬೆನ್ನು ಹಾಕಿಯೇ ಮಾತಾಡಿದರು.

"ಬೇರೆ ಯಾರಾದ್ರೂ ಬಂದು ಹೇಳಿದ್ರೆ ಜಗಳ ಆಡಿ ಕಳಿಸ್ತಿದ್ದೆ ಕಣಮ್ಮ. ನಿಂಗೆ ಗೊತ್ತಲ್ಲ ನಾನು. ನೀನ್ ಹೇಳಿದ್ಮೇಲೆ ಏನಂತ ಜಗಳ ಆಡ್ಲಿ?" ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡು, "ಆ ಬ್ರೇಕ್ ನೋಡ್ಬಿಡು," ಎಂದರು.

ನೋಡಿದೆ. ಸರಿಯಾಗಿತ್ತು. ಹಾಗೆಂದೆ. ಅವರು ತಲೆಯಾಡಿಸಿ, "ಚಕ್ರ ನೀನೇ ಹಾಕು," ಎಂದರು.

ಮುಂದಿನ ವಾರ ಕಣ್ಣಾಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಪೊರೆಯಾಗಿದ್ದರೆ ಆಪರೇಷನ್ ಮಾಡಿಸಿದರಾಯಿತು ಎಂದು ದಾರಿಯುದ್ದಕ್ಕೂ ನಾನೇ ಮಾತಾಡುತ್ತಿದ್ದೆ. ಪೊರೆಯಾಗಿರಲಿಲ್ಲ. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆದಿದೆ ಎಂದರು ಡಾಕ್ಟರು. ಓಡಾಡಲು ತೊಂದರೆಯಿಲ್ಲ, ಸುತ್ತಲಿನದು ಕಾಣುತ್ತದೆ. ನೇರ ನೋಡಿದ್ದು ಮಾತ್ರ ಕಾಣುವುದಿಲ್ಲ. ಕನ್ನಡಕದಿಂದ ಪ್ರಯೋಜನವಿಲ್ಲ, ಹೋದದ್ದು ಬರುವುದಿಲ್ಲ.

"ಎಷ್ಟು ದಿನದಿಂದ ಹಿಂಗಾಗಿರ್ಬಹುದು ಸಾರ್?" ಎಂದು ಮೇಸ್ತ್ರಿ ಕೇಳಿದರು. ಡಾಕ್ಟರು, ಇದು ನಿಧಾನಕ್ಕೆ ಆಗುವಂಥದ್ದು, ಒಂದೆರಡು ವರ್ಷವೇ ಆಗಿರಬಹುದು ಎಂದರು.

ಆ ಮಾತು ಕೇಳಿದಾಗ ಮೇಸ್ತ್ರಿಯ ಮುಖ ಇಳಿದು ಹೋದದ್ದನ್ನು ನೋಡಿದೆ. ಕಣ್ಣು ಬರುವುದಿಲ್ಲ ಎಂದಾಗ ಅಷ್ಟು ಇಳಿದಿರಲಿಲ್ಲ. ಮೆಟ್ರೋದಲ್ಲಿ ಕೂತ ಮೇಲೆ ನನ್ನ ಕಡೆ ವಾಲಿ ಮೆಲ್ಲಗೆ ಹೇಳಿದರು: "ಅಷ್ಟ್ ದಿನದಲ್ಲಿ ನಾನು ಮಾಡಿರೋ ಗಾಡಿಗಳೆಲ್ಲ ರೋಡಲ್ಲಿ ಓಡ್ತಾ ಇದಾವಲ್ಲಮ್ಮ."

ಅವರು ಮಲಗಿಬಿಡಲಿಲ್ಲ. ರೊಟ್ಟಿಯವರು ಹೆದರಿದಂತೆ ಆಗಲಿಲ್ಲ. ಶೆಡ್ಡು ಮುಚ್ಚಿ, ಇಂಜಿನ್ನು, ಬ್ರೇಕು ಮಾಡಿಸಿದ್ದ ಒಬ್ಬೊಬ್ಬರನ್ನೂ ನೆನಪು ಮಾಡಿಕೊಂಡು, ಮಗಳ ಕೈಲಿ ಫೋನ್ ಹಚ್ಚಿಸಿ, 'ದೀಪಾಂಜಲಿ ನಗರಕ್ಕೆ ಗಾಡಿ ತಗೊಂಡು ಬನ್ನಿ, ಒಂದ್ಸಲ ನೋಡಿಸ್ಬೇಕು' ಎಂದರು. ಯಾಕೆ ಎಂದು ಕೇಳಿದವರಿಗೆ ಮುಚ್ಚುಮರೆಯಿಲ್ಲದೆ ಹೇಳಿದರು. ಗಾಡಿಗಳು ಬರತೊಡಗಿದವು. ಮೇಸ್ತ್ರಿ ದಿನವೂ ಬೆಳಿಗ್ಗೆ ಬಂದು ನನ್ನ ಶೆಡ್ಡಿನ ಬಾಗಿಲ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬಂದ ಗಾಡಿಯವರು 'ಚೆನ್ನಾಗೇ ಓಡ್ತಾ ಇದೆ ಮೇಸ್ತ್ರಿ' ಎಂದರೂ ಬಿಡುತ್ತಿರಲಿಲ್ಲ.

ನಾನು ಚಕ್ರ ಬಿಚ್ಚುತ್ತಿದ್ದೆ, ಪ್ಲಗ್ ತೆಗೆಯುತ್ತಿದ್ದೆ, ಗಾಡಿ ಓಡಿಸಿ ನೋಡುತ್ತಿದ್ದೆ. ಒಂದು ಕಾರಿನಲ್ಲಿ ಪೆಟ್ರೋಲ್ ಪೈಪಿನ ಕ್ಲಾಂಪು ಸಡಿಲವಾಗಿ ಕೂತಿತ್ತು. ಅದನ್ನು ಇದ್ದ ಹಾಗೆಯೇ ಹೇಳಿದೆ. ಅವರು 'ಹೂಂ' ಎಂದರು. ಅದೊಂದು ಬಿಟ್ಟರೆ ಉಳಿದ ಕೆಲಸವೆಲ್ಲ ಸರಿಯಾಗಿತ್ತು. ಕಣ್ಣು ಕೈಕೊಟ್ಟ ಕಡೆ ಬೆರಳು ಕೆಲಸ ಮಾಡಿತ್ತು. "ಸರಿಯಾಗಿದೆ ಮೇಸ್ತ್ರಿ" ಎಂದು ಪ್ರತಿ ಗಾಡಿಯಾದ ಮೇಲೂ ಖುಷಿಯಿಂದ ಹೋಗಿ ಹೇಳುತ್ತಿದ್ದೆ.

ಮೊದಮೊದಲು ಅವರ ಮುಖ ಅರಳುತ್ತಿತ್ತು. ಬರಬರುತ್ತಾ, ಸರಿಯಾಗಿದೆ ಎಂದಷ್ಟೂ ಅವರು ಕುಗ್ಗತೊಡಗಿದರು. ಒಮ್ಮೆ ಮೆಕ್ಯಾನಿಕ್‌ನನ್ನು ಪಕ್ಕಕ್ಕೆ ಕರೆದು, "ನಿಜವಾಗ್ಲೂ ಸರಿ ಇತ್ತಾ? ನಂಗೆ ಬೇಜಾರಾಗ್ಬಾರ್ದು ಅಂತ ಅವಳು ಸುಮ್ನೆ ಹೇಳ್ತಾ ಇದಾಳಾ?" ಎಂದು ಕೇಳಿದರಂತೆ. ಇನ್ನೊಮ್ಮೆ ತಾವೇ ಎದ್ದು ಬಂದು, ನಾನು ಹೇಳಿದ ಬೋಲ್ಟನ್ನು ಬೆರಳಿನಿಂದ ಮುಟ್ಟಿ ನೋಡಿ, ಮುಟ್ಟಿದ್ದೂ ಸಾಲದೆ ಅಲ್ಲೇ ನಿಂತಿದ್ದರು.

ಕೊನೆಯದಾಗಿ ಬಂದದ್ದು ವಿಜಯನಗರದ ಒಬ್ಬ ಟೈಲರಿನ ಕಾರು. ಅದರ ಇಂಜಿನ್ನನ್ನೂ ಮೇಸ್ತ್ರಿಯೇ ಕಟ್ಟಿದ್ದರು. ಎಲ್ಲ ಪರೀಕ್ಷೆ ಮುಗಿಸಿ, ಏರಿನಲ್ಲಿ ಓಡಿಸಿ, ಹೊಗೆ ನೋಡಿ ಬಂದೆ. ಮನಸ್ಸು ತುಂಬಿ ಬಂದಿತ್ತು. ಅಷ್ಟು ಚೆನ್ನಾಗಿ ಓಡುವ ಹಳೆಯ ಇಂಜಿನ್ ನಾನು ಕಂಡದ್ದು ಕಡಿಮೆ.

"ಏನೂ ತೊಂದರೆ ಇಲ್ಲ ಮೇಸ್ತ್ರಿ," ಎಂದೆ.

"ನಿಜ ಹೇಳಮ್ಮ."

"ನಿಜಾನೇ ಹೇಳ್ತಾ ಇರೋದು."

ಅವರು ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ದೃಷ್ಟಿ ಉಳಿದಿದ್ದ ಕಣ್ಣಂಚಿನಿಂದ ನನ್ನ ಮುಖವನ್ನು ಹಿಡಿಯಲು ನೋಡಿದರು. ಎಷ್ಟು ಸಿಕ್ಕಿತೋ ಗೊತ್ತಿಲ್ಲ. ನಾನು ಅಲುಗಾಡದೆ ನಿಂತೆ. "ಆಯ್ತು ಬಿಡಮ್ಮ" ಎಂದು ಎದ್ದರು. ನನಗೆ ಸಮಾಧಾನವಾಗಲಿ ಎಂದು ಅಂದ ಮಾತು ಅದು. ಕುರ್ಚಿಯನ್ನು ತಾವೇ ಎತ್ತಿ ಗೋಡೆಗೆ ಒರಗಿಸಿ, ಮೆಟ್ರೋ ಸ್ಟೇಷನ್ ಕಡೆ ಹೊರಟರು. ಬಿಟ್ಟು ಬರುತ್ತೇನೆ ಎಂದದ್ದಕ್ಕೆ ಬೇಡವೆಂದು ಕೈಯಾಡಿಸಿದರು. ಅಲ್ಲಿಂದ ಮುಂದೆ ಅವರು ನನ್ನ ಶೆಡ್ಡಿಗೆ ಬರಲಿಲ್ಲ.

ನಾನೇ ಅವರ ಮನೆಗೆ ಹೋಗುತ್ತಿರುತ್ತೇನೆ. ಕಾಫಿ ಕೊಡುತ್ತಾರೆ, ವ್ಯಾಪಾರ ಹೇಗಿದೆ ಎಂದು ಕೇಳುತ್ತಾರೆ. ಗಾಡಿಗಳ ವಿಷಯ ತೆಗೆಯುವುದಿಲ್ಲ. ಆ ಟೈಲರಿನ ಇಂಜಿನ್ನು ನಿಜಕ್ಕೂ ಚೆನ್ನಾಗಿತ್ತು. ನಾನು ಹೇಳಿದೆ ಎಂಬ ಕಾರಣಕ್ಕೇ ಅವರು ಅದನ್ನು ನಂಬಲಿಲ್ಲ.